ಹಿಂದಿನ ಬಾಗಿಲಿಗೆ ಆನಿಸಿದ ಕಪಾಟು

ರೀ,

ಆಫೀಸಿನ ಕ್ಯಾಬ್ ಬಂದೈತಿ, ಅದಕ್ಕ ಎಬ್ಬಿಸಲಿಲ್ಲ. ಉಪ್ಪಿಟ್ಟು ಮುಚ್ಚಿಟ್ಟೀನಿ, ಆರೋದ್ರೊಳಗ ತಿನ್ರಿ.

ಇವತ್ತು ಬ್ಯಾರೆ ಕೆಲಸ ಹಿಡೀಬ್ಯಾಡ್ರಿ. ನಾವಿರೋ ಈ ಬಸ್ಸಿನ ಹಿಂದಿನ ಎಮರ್ಜೆನ್ಸಿ ಬಾಗಿಲಿಗೆ ಆನಿಸಿ ಕೂಡ್ರಿಸಿದ ಕಪಾಟು ಬಿಚ್ಚಿ ತಗೀರಿ. "ಒಂದು ಗೇಣು ಜಾಗಾನೂ ಹಾಳು ಮಾಡಬ್ಯಾಡ" ಅಂತ ನಿಮಗ ಬಡಿಗತನ ಕಲಿಸಿದ ಮಾವನೋರು ಹೇಳಿದ್ದು ಖರೇ. ಆದ್ರ ಅವರು ಕಟ್ಟಿದ್ದು ಮನಿ, ಬಸ್ಸಲ್ಲ. ನಮ್ಮಪ್ಪ ಮೂವತ್ತು ವರ್ಷ ಬಸ್ ಓಡಿಸಿದೋರು. ದಿನಾ ಗಾಡಿ ಚಾಲೂ ಮಾಡೋ ಮೊದಲು ಹಿಂದಿನ ಬಾಗಿಲಾ ಒಮ್ಮೆ ತೆಗೆದು ನೋಡ್ತಿದ್ರು. ಅದನ್ನ ಹೇಳಿದ್ರ ನೀವು ನಕ್ಕಬಿಟ್ರಿ.

ನಿನ್ನೆ ಮುಂದಿನ ಬಾಗಿಲಾ ಸಿಕ್ಕೊಂಡು ಎರಡು ತಾಸು ಒಳಗ ಕುಂತೆ. ಫೋನ್ ಮಾಡಿದ್ರ "ಕಿಟಕಿ ತೆಗಿ, ಗಾಳಿ ಬರ್ತೈತಿ" ಅಂದ್ರಿ. ಗಾಳಿ ಒಳಗ ಬಂತು. ನನಗ ಹೊರಗ ಹೋಗಾಕ ಆಗಲಿಲ್ಲ.

ಹಿಮಾಯತ್‌ನಗರದ ಮನಿ ಬಿಡೂಣು ಅಂದ್ರಿ, ಬಿಟ್ಟೆ. ಈ ಬಸ್ಸಿನಾಗ ಊರೂರು ತಿರುಗೂಣು ಅಂದ್ರಿ, ಹೂಂ ಅಂದೆ. ವರ್ಷ ಆತು, ಗಚ್ಚಿಬೌಲಿಯ ಈ ಖಾಲಿ ಪ್ಲಾಟ್ ಬಿಟ್ಟು ಬಸ್ಸು ಅಲುಗಿಲ್ಲ.

ಸಂಜಿಗೆ ಬಂದು ಆ ಬಾಗಿಲಾ ಒಳಗಿಂದ ನಾನ ತೆಗೆದು ನೋಡ್ತೀನಿ. ತೆಗೀತು ಅಂದ್ರ ಇರ್ತೀನಿ.

ಜಗದೇವಿ