ಗೃಹಪ್ರವೇಶದ ದಿನ ಒಡೆಸಿದ ಹಾಲು

ಮಹದೇವಪುರ
25 ನವೆಂಬರ್ 2024, ಸೋಮವಾರ ಮಧ್ಯಾಹ್ನ

ಪ್ರೀತಿಯ ಮಗಳು ರಮ್ಯಶ್ರೀಗೆ,

ನಿನ್ನ ಅತ್ತೆ ಮುನಿಶಾಮಮ್ಮ ಮಾಡುವ ಆಶೀರ್ವಾದ. ಚಿ. ಸೌ. ಎಂದು ಬರೆಯುವುದು ಪದ್ಧತಿ. ಬರೆದೆ, ಆಮೇಲೆ ಆ ಹಾಳೆಯನ್ನೇ ಹರಿದು ಬೇರೆ ತೆಗೆದುಕೊಂಡೆ. ಹಣೆಗೆ ಆರು ಹೊಲಿಗೆ ಹಾಕಿಸಿಕೊಂಡು ತವರಿನಲ್ಲಿ ಮಲಗಿರುವವಳನ್ನು ಸೌಭಾಗ್ಯವತಿ ಎಂದು ಕರೆದರೆ ಅಣಕಿಸಿದ ಹಾಗಾಗುತ್ತದೆ. ಹೊಲಿಗೆ ಬಿಚ್ಚಿದರೇ? ಪಾದದ ಸುಟ್ಟ ಗಾಯ ಹೇಗಿದೆ? ಡಾಕ್ಟರು ಕೊಟ್ಟ ಮುಲಾಮು ಬಿಟ್ಟು ಬೇರೇನೂ ಹಚ್ಚಬೇಡ. ಅರಿಶಿನ ಹಚ್ಚು, ಜೇನು ಹಚ್ಚು ಎನ್ನುವವರು ಮನೆತುಂಬ ಬರುತ್ತಾರೆ, ಎದುರಿಗಿದ್ದರೆ ನಾನೂ ಹೇಳುತ್ತಿದ್ದೆ, ಕೇಳಬೇಡ. ನಿನ್ನ ತಾಯಿ ಸರಿಯಾಗಿ ಊಟ ಮಾಡುತ್ತಾರೆ ತಾನೇ? ನನಗೇನಾಗಿದೆ, ಕಲ್ಲುಗುಂಡಿನ ಹಾಗಿದ್ದೇನೆ. ಫೋನ್ ಮಾಡಲಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡ. ನನ್ನ ಫೋನನ್ನು ನನ್ನ ಮಗ, ನಿನ್ನ ಗಂಡ ಎನ್ನಿಸಿಕೊಂಡ ಪ್ರೇಮ್‌ಕುಮಾರ್, ಕಿತ್ತಿಟ್ಟುಕೊಂಡು ಹತ್ತು ದಿನವಾಯಿತು. ಹಿತ್ತಲಿನ ನಮ್ಮ ಹಳೆಯ ಮನೆಯಲ್ಲಿ ಬಾಡಿಗೆಗಿರುವ ರುಕ್ಸಾರ್ ಇದನ್ನು ನಿನ್ನ ಕೈಗೇ ತಂದುಕೊಡುತ್ತಾಳೆ. ಅವಳ ಹೊಲಿಗೆ ಮೆಷಿನ್ನಿನ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಅಲ್ಲಾಡಿದ್ದರೆ ಅದಕ್ಕೇ.

ನಿನ್ನೆ ಜೀವನ್ ಬಿಮಾ ನಗರದ ನಿಮ್ಮ ಮನೆಗೆ ಪೊಲೀಸರು ಬಂದಿದ್ದರಂತೆ. ನಿನ್ನ ತಂದೆಯನ್ನು ಠಾಣೆಗೆ ಕರೆದುಕೊಂಡು ಹೋಗಿ ಮಧ್ಯಾಹ್ನವೆಲ್ಲ ಬೆಂಚಿನ ಮೇಲೆ ಕೂರಿಸಿದ್ದರಂತೆ. ಗಂಡನ ಬಲಗೈಯನ್ನು ಕಲ್ಲಿನಿಂದ ಜಜ್ಜಿ ಮುರಿದವಳು ನೀನು ಎಂದು ನಮ್ಮ ಮನೆಯವರು ದೂರು ಬರೆದುಕೊಟ್ಟಿದ್ದಾರೆ. ನೀನು ಅವನ ಮೇಲೆ ಕೊಟ್ಟ ದೂರನ್ನು ವಾಪಸ್ ತೆಗೆದುಕೊಂಡರೆ ಇದನ್ನೂ ತೆಗೆಯುತ್ತಾರಂತೆ. ಆ ಕೈ ಮುರಿಯುವಾಗ ನೀನು ಆ ಮನೆಯಲ್ಲಿ ಇರಲೇ ಇಲ್ಲ. ನಾನು ಇದ್ದೆ. ನೀನು ಹೋದಮೇಲೆ ಏನಾಯಿತೆಂದು ನಿನಗೆ ಗೊತ್ತಿಲ್ಲ. ಅದನ್ನು ಹೇಳುವುದಕ್ಕೇ ಈ ಕಾಗದ. ಆದರೆ ನಡೆದದ್ದನ್ನು ಮೊದಲಿಂದಲೇ ಹೇಳುತ್ತೇನೆ, ಏಕೆಂದರೆ ಮೊದಲು ತಪ್ಪಿದ್ದು ನನ್ನ ಬಾಯಿ.

ಹುಣ್ಣಿಮೆಯ ಶುಕ್ರವಾರ ಬೆಳಿಗ್ಗೆ ಹೊಸ ಮನೆಯ ಒಲೆಯಲ್ಲಿ ಹಾಲು ಉಕ್ಕಿತು. ಮೂಡಣ ದಿಕ್ಕಿಗೇ ಉಕ್ಕಿತು ಎಂದು ನಾನು ನೆಲ ಕಾಣದವಳ ಹಾಗೆ ಓಡಾಡಿದೆ. ಸಂಜೆಗೆ ತಾರಸಿಯ ಮೇಲೆ ಪ್ರೇಮ್‌ಕುಮಾರನ ಸ್ನೇಹಿತರಿಗೆ ಪಾರ್ಟಿ. ಅವನೇ ತಾನೇ ನಿನಗೆ ಹೇಳಿದ್ದು? ‘ಇಂದಿರಾನಗರದಲ್ಲಿ ತಿಂದ್ವಲ್ಲ, ಸ್ವೀಟು ಖಾರ ಎರಡೂ ಇರೋ ಚೀಸ್ ಸ್ಟಾರ್ಟರು, ಅದೇ ಬೇಕು, ಮನೇಲೇ ಮಾಡು, ಎಲ್ರೂ ಬಾಯ್ ಬಿಡ್ಬೇಕು’ ಎಂದು. ನೀನು ಪಾಪ ಒಪ್ಪಿಕೊಂಡೆ. ನನ್ನ ಮೈದುನ ಚಿಕ್ಕಮುನಿಯಪ್ಪನ ಹಸುವಿನ ಹಾಲು ಎರಡು ಪಾತ್ರೆ ಉಳಿದಿತ್ತು. ಚೀಸು ಬೇಕು ಎಂದವನಿಗೂ ಗೊತ್ತಿರಲಿಲ್ಲ, ನನಗಂತೂ ಮೊದಲೇ ಗೊತ್ತಿರಲಿಲ್ಲ, ಅದು ಹಾಲು ಒಡೆಸಿದರೇ ಆಗುವುದೆಂದು. ಅಂಗಡಿಯ ಪೊಟ್ಟಣದಲ್ಲಿ ಹಳದಿಯಾಗಿ ಬರುವುದು ಎಲ್ಲಿಂದ ಬರುತ್ತದೆ ಎಂದು ನಾವು ಯಾವತ್ತು ಕೇಳಿದ್ದೇವೆ? ಮಧ್ಯಾಹ್ನ ನಾನು ಹೊಸ ಅಡುಗೆಮನೆಗೆ ಕಾಲಿಟ್ಟರೆ, ಬೆಳಿಗ್ಗೆ ಹಾಲುಕ್ಕಿಸಿದ ಅದೇ ಒಲೆಯ ಮೇಲೆ ನೀನು ಎರಡನೆಯ ಪಾತ್ರೆಗೆ ನಿಂಬೆಹಣ್ಣು ಹಿಂಡುತ್ತಿದ್ದೆ. ಹಾಲು ಚೂರುಚೂರಾಗಿ ಒಡೆಯುತ್ತಿತ್ತು. ಮೊದಲ ಪಾತ್ರೆಯದನ್ನು ನೀನು ಆಗಲೇ ಉಪ್ಪು ಬೆರೆಸಿ ಬಟ್ಟೆಯಲ್ಲಿ ಕಟ್ಟಿ, ನಮ್ಮ ಹಳೆಯ ಒರಳಿನ ಗುಂಡನ್ನು ಮೇಲಿಟ್ಟಿದ್ದೆ.

ಮನೆ ತುಂಬಿದ ದಿನ ಹಾಲು ತಾನಾಗಿ ಒಡೆದರೇ ನಮ್ಮಲ್ಲಿ ಎದೆ ಒಡೆದುಕೊಳ್ಳುತ್ತಾರೆ, ಬೇಕೆಂದೇ ಒಡೆಸಿದರೆ? ನಿನ್ನನ್ನು ಕೇಳಬಹುದಿತ್ತು. ಕೇಳಲಿಲ್ಲ. ಬೀದಿಗೆ ಕೇಳಿಸುವ ಹಾಗೆ ಕೂಗಿದೆ. ‘ಅಯ್ಯೋ, ಹಾಲು ಒಡ್ಸ್‌ಬಿಟ್ಟವ್ಳೆ! ಮನೆ ಹಾಳಾಗ್ಲಿ ಅಂತ್ಲೇ ಒಡ್ಸವ್ಳೆ!’ ‘ಅತ್ತೆ, ಚೀಸಿಗೆ, ಅವ್ರೇ ಹೇಳಿದ್ರು’ ಎಂದೆ ನೀನು. ಅಷ್ಟರಲ್ಲಿ ಅವನು ಬಂದ. ಮಧ್ಯಾಹ್ನದಿಂದಲೇ ಕುಡಿದಿದ್ದ. ನಿನ್ನ ಜಡೆ ಹಿಡಿದು ಹಣೆಯನ್ನು ಗ್ರಾನೈಟ್ ಕಟ್ಟೆಗೆ ಬಡಿದ. ಮೂರು ಸಲ ಬಡಿದ. ಕುದಿಯುತ್ತಿದ್ದ ಪಾತ್ರೆ ಮಗುಚಿ, ಆ ಒಡೆದ ಹಾಲಿನ ನೀರೆಲ್ಲ ನಿನ್ನ ಪಾದದ ಮೇಲೆ ಹರಿಯಿತು. ನೀನು ಬಿದ್ದಮೇಲೆ ಹೊಟ್ಟೆಗೆ ಒದ್ದ. ನಾನು ಬಾಗಿಲಿಗೆ ಒರಗಿ ನಿಂತಿದ್ದೆ, ರಮ್ಯಾ. ಕೈ ಅಡ್ಡ ತರಲಿಲ್ಲ. ನನಗೆ ಅನ್ನಿಸಿದ್ದನ್ನೂ ಹೇಳಿಬಿಡುತ್ತೇನೆ. ಈ ಏಟುಗಳೆಲ್ಲ ನಾನು ತಿಂದಿದ್ದೇನಲ್ಲ, ಇವಳೇನು ಮಹಾ ಎನ್ನಿಸಿತು. ನಿನ್ನ ಮಾವ ಮುನಿವೆಂಕಟಪ್ಪನವರು ಬದುಕಿದ್ದಾಗ ಎತ್ತಿಗೆ ಎತ್ತುತ್ತಿದ್ದ ಬಾರುಕೋಲನ್ನೇ ನನಗೂ ಎತ್ತುತ್ತಿದ್ದರು. ನನ್ನ ಎಡಗಿವಿ ಮಂದವಾದದ್ದು ಅವರ ಅಂಗೈಯಿಂದ, ಕೆರೆಗೆ ಬಿದ್ದು ಎಂದು ನಿನಗೆ ಹೇಳಿದ್ದು ಸುಳ್ಳು. ರುಕ್ಸಾರ್ ಹಿಂದಿನ ಬಾಗಿಲಿಂದ ನುಗ್ಗಿ, ‘ಏನಮ್ಮಾ ನೋಡ್ತಾ ನಿಂತಿದೀರಾ, ಹೆಣ್ಣು ಸಾಯ್ತದೆ’ ಎಂದು ನನ್ನನ್ನು ಬೈದು, ನಿನ್ನನ್ನು ಎಬ್ಬಿಸಿ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದಳು. ಆಗ ಇನ್ನೂ ಬಿಸಿಲಿತ್ತು. ಬೀದಿಯವರೆಲ್ಲ ನೋಡಿದ್ದಾರೆ, ಈಗ ಒಬ್ಬರ ಬಾಯಲ್ಲೂ ಮಾತಿಲ್ಲ.

ಇಲ್ಲಿಂದ ನಿನಗೆ ಗೊತ್ತಿಲ್ಲದ್ದು. ಅವನು ಮುಖ ತೊಳೆದು, ಹೊಸ ಅಂಗಿ ಹಾಕಿಕೊಂಡು ಬಂದು, ‘ಅಮ್ಮಾ, ಪ್ಲೇಟ್ ನೀನೇ ರೆಡಿ ಮಾಡು, ಜನ ಬರ್ತಾವ್ರೆ’ ಎಂದ. ನಾನು ಮಾಡಿದೆ. ನೆಲ ಒರೆಸಿದೆ, ಹಾಲಿನ ನೀರು ಬೇರೆ, ನಿನ್ನ ರಕ್ತ ಬೇರೆ. ಗುಂಡು ತೆಗೆದು ಬಟ್ಟೆ ಬಿಚ್ಚಿದರೆ ಚೀಸು ಗಟ್ಟಿಯಾಗಿ, ಬೆಳ್ಳಗೆ, ಬಹಳ ಚೆನ್ನಾಗಿ ಕೂತಿತ್ತು. ಬಟ್ಟೆಗೆ ಸಿಡಿದ ರಕ್ತ ಒಂದು ಮೂಲೆಗೆ ಇಳಿದಿತ್ತು. ಆ ಮೂಲೆ ಕತ್ತರಿಸಿ ಎಸೆದು ಉಳಿದದ್ದನ್ನು ಚೌಕ ಚೌಕವಾಗಿ ಹೆಚ್ಚಿದೆ. ನೀನು ಬೆಲ್ಲದ ಪಾಕಕ್ಕೆ ಹುಣಸೆರಸ, ಕುಟ್ಟಿದ ಒಣಮೆಣಸಿನಕಾಯಿ ಹಾಕಿ ಇಟ್ಟಿದ್ದೆಯಲ್ಲ, ಅದನ್ನು ಬಿಸಿ ಮಾಡಿ ಚೌಕಗಳನ್ನು ಹೊರಳಾಡಿಸಿ, ಹುರಿದ ಎಳ್ಳು ಉದುರಿಸಿ, ಕಡ್ಡಿಗೆ ಒಂದು ಕಪ್ಪು ದ್ರಾಕ್ಷಿ, ಒಂದು ಚೂರು ಚೀಸು ಚುಚ್ಚಿದೆ. ನಿನ್ನ ಮೇಲೆ ಅಷ್ಟು ಕೂಗಾಡಿದವಳು ಒಂದು ಚೂರು ಬಾಯಿಗೂ ಹಾಕಿಕೊಂಡೆ. ಸಿಹಿ, ಹಿಂದೆಯೇ ಉಪ್ಪು, ಆಮೇಲೆ ಖಾರ. ಚೆನ್ನಾಗಿತ್ತು, ಮಗಳೇ. ಅದು ಅಷ್ಟು ಚೆನ್ನಾಗಿದ್ದದ್ದಕ್ಕೇ ನನಗೆ ಅಳು ಬಂತು. ಮೇಲೆ ಎಲ್ಲರೂ ‘ಆಂಟಿ, ಸೂಪರ್, ರೆಸಿಪಿ ಹೇಳಿ’ ಎಂದರು. ಸೊಸೆ ಎಲ್ಲಿ ಎಂದು ಒಬ್ಬರಾದರೂ ಕೇಳಲಿಲ್ಲ.

ಎರಡನೆಯ ತಟ್ಟೆ ತುಂಬುತ್ತಿದ್ದಾಗ ಅವನು ಕೆಳಗೆ ಬಂದ. ಕಟ್ಟೆಯ ಮೇಲೆ ಎಡಗೈ ಊರಿ, ಬಲಗೈಯಿಂದ ಒಂದೊಂದೇ ಚೂರು ಬಾಯಿಗೆ ಹಾಕಿಕೊಳ್ಳುತ್ತಾ ಹೇಳಿದ. ‘ನೋಡಮ್ಮಾ, ಅವ್ಳಿಲ್ದೇನೇ ಎಲ್ಲಾ ಆಯ್ತು. ನಾಳೆ ಹೋಗಿ ಎಳ್ಕೊಂಡ್ ಬರ್ತೀನಿ. ಇನ್ನೆರಡು ಬಿದ್ರೆ ಸರಿಹೋಗ್ತಾಳೆ. ಅಪ್ಪ ನಿನ್ನ ಸರಿ ಮಾಡ್ಲಿಲ್ವಾ?’ ನಗುತ್ತಲೇ ಹೇಳಿದ. ಏಳು ವರ್ಷದವನಿದ್ದಾಗ, ಅಮ್ಮನಿಗೆ ಹೊಡೀಬೇಡ ಎಂದು ಅಪ್ಪನ ತೊಡೆ ಕಚ್ಚಿದ್ದ ಮಗ ಇವನು. ಪಕ್ಕದಲ್ಲಿ ಗುಂಡು ಇತ್ತು. ಮೂವತ್ತು ವರ್ಷ ಅದರಲ್ಲಿ ರುಬ್ಬಿದ್ದೇನೆ, ಅದರ ಭಾರ ನನ್ನ ಕೈಗೆ ಗೊತ್ತು. ಅವನು ಮತ್ತೆ ಚೂರಿಗೆ ಕೈ ಚಾಚಿದಾಗ ಎರಡು ಕೈಯಲ್ಲಿ ಎತ್ತಿ ಆ ಕೈಯ ಮೇಲೆ ಹಾಕಿದೆ. ಜಾರಿತು ಎಂದು ಯಾರೂ ಹೇಳಬಾರದು, ನೋಡಿಯೇ ಹಾಕಿದೆ. ಅವನು ಕಿರುಚಿ ಕುಸಿದಾಗ ಇನ್ನೊಂದು ಸಲ ಹಾಕಿದೆ. ಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಮೂರು ಬೆರಳು, ಅಂಗೈಯ ಎರಡು ಮೂಳೆ ಮುರಿದಿವೆ ಎಂದು ಡಾಕ್ಟರು ಹೇಳಿದರು. ಮೇಲೆ ಹಾಡು ಹಾಕಿದ್ದರು, ಯಾರಿಗೂ ಕೇಳಿಸಲಿಲ್ಲ. ಆ ಒಂದು ಗಳಿಗೆ ನನಗೆ ಎಂಥ ಸಂತೋಷವಾಯಿತೆಂದರೆ, ಇನ್ನೂ ಹೊಡೆಯಬೇಕು ಎನ್ನಿಸಿತು, ತಲೆಗೇ ಹೊಡೆಯಬೇಕು ಎನ್ನಿಸಿತು. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು. ನನಗೆ ನನ್ನ ಭಯವೇ ಹತ್ತಿ ಗುಂಡನ್ನು ಕೆಳಗೆ ಬಿಟ್ಟೆ. ಆಮೇಲೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತದ್ದೂ ನಾನೇ.

ಆಸ್ಪತ್ರೆಯಲ್ಲಿ ಚಿಕ್ಕಮುನಿಯಪ್ಪ ಎಲ್ಲಾ ತೀರ್ಮಾನ ಮಾಡಿದ. ‘ಹೆತ್ತ ತಾಯೇ ಕೈ ಮುರಿದ್ಲು ಅಂದ್ರೆ ಊರಲ್ಲಿ ತಲೆ ಎತ್ತೋಕಾಯ್ತದಾ ಅತ್ತಿಗೆ? ಸೊಸೆ ಮೇಲೆ ಹಾಕಿ. ಅವ್ಳೇ ಹೆದ್ರಿ ರಾಜಿಗೆ ಬರ್ತಾಳೆ’ ಎಂದ. ಪ್ರೇಮ್‌ಕುಮಾರನೂ ತಲೆಯಾಡಿಸಿದ. ತಾಯಿಯ ಕೈಯಲ್ಲಿ ಏಟು ತಿಂದೆ ಎನ್ನುವುದಕ್ಕಿಂತ ಹೆಂಡತಿ ಕೊಲ್ಲಲು ಬಂದಳು ಎನ್ನುವುದು ಅವನಿಗೆ ಸುಲಭವಾಯಿತು. ನಾನೂ ಹೂಂ ಎಂದೆ. ಹತ್ತು ದಿನ ಬಾಯಿ ಮುಚ್ಚಿಕೊಂಡು ಅವನಿಗೆ ಅನ್ನ ಕಲೆಸಿ ತಿನ್ನಿಸಿದೆ. ನಿನ್ನ ತಂದೆ ಠಾಣೆಯ ಬೆಂಚಿನ ಮೇಲೆ ಕೂತಿದ್ದರು ಎಂದು ಕೇಳಿದಮೇಲೆ ಆಗಲಿಲ್ಲ. ಆ ಮನುಷ್ಯ ನಮ್ಮ ಮನೆಗೆ ಬಂದಾಗಲೆಲ್ಲ ನನಗೆ ನಮಸ್ಕಾರ ಮಾಡಿಯೇ ಕೂರುತ್ತಿದ್ದರು.

ಆದ್ದರಿಂದ ಸ್ಪಷ್ಟವಾಗಿ ಬರೆಯುತ್ತೇನೆ. ನವೆಂಬರ್ ಹದಿನೈದರ ಸಂಜೆ ನನ್ನ ಮಗ ಪ್ರೇಮ್‌ಕುಮಾರನ ಬಲಗೈ ಮುರಿದವಳು ಮುನಿಶಾಮಮ್ಮ, ಅಂದರೆ ನಾನು. ರಮ್ಯಶ್ರೀ ಆಗ ಮನೆಯಲ್ಲಿ ಇರಲಿಲ್ಲ. ಅವಳ ಹಣೆ ಒಡೆದವನು, ಕಾಲು ಸುಟ್ಟವನು ಪ್ರೇಮ್‌ಕುಮಾರ್, ನಾನು ಕಣ್ಣಾರೆ ಕಂಡಿದ್ದೇನೆ. ಇದನ್ನು ನಿನ್ನ ಲಾಯರಿಗೆ ಕೊಡು. ಪ್ರತಿ ಹಾಳೆಗೂ ಸಹಿ ಹಾಕಿದ್ದೇನೆ, ಪಕ್ಕದಲ್ಲಿ ರುಕ್ಸಾರ್ ಕೂಡ ಹಾಕಿದ್ದಾಳೆ. ನನ್ನನ್ನು ಹಿಡಿದುಕೊಂಡು ಹೋದರೆ ಹೋಗಲಿ. ಅರವತ್ತಮೂರು ವರ್ಷದವಳನ್ನು ಇಟ್ಟುಕೊಂಡು ಏನು ಮಾಡುತ್ತಾರೆ, ಮುದ್ದೆ ತಿರುವಿಸುತ್ತಾರೆ ಅಷ್ಟೇ.

ನಿನ್ನ ತಂದೆತಾಯಿಗೆ ನನ್ನ ನಮಸ್ಕಾರ ತಿಳಿಸು, ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ ಎಂದೂ ತಿಳಿಸು. ನಿನ್ನ ಗಾಯಗಳು ಕಲೆ ಉಳಿಯದ ಹಾಗೆ ಮಾಯಲಿ, ನಿನ್ನ ದುಡಿಮೆಯ ಅನ್ನ ನಿನ್ನ ಕೈಗೆ ಹತ್ತಲಿ.

ಇಂತಿ ನಿನ್ನ ಅತ್ತೆ,
ಮುನಿಶಾಮಮ್ಮ

ತಾ.ಕ. ಬೇಗ ಬೇಗ ಬರೆಯುತ್ತಿದ್ದೇನೆ, ಚಿಕ್ಕಮುನಿಯಪ್ಪನ ಕಾರು ಗೇಟಿಗೆ ಬಂತು. ಗುರುವಾರ ನನ್ನನ್ನು ಮುಂದಿಟ್ಟುಕೊಂಡು ಸೀರೆ, ಹೂವು, ಬಳೆ ಹಿಡಿದು ನಿನ್ನನ್ನು ಕರೆಯಲು ಬರುತ್ತಾರೆ. ನಾನೂ ಬರುತ್ತೇನೆ, ಬರುವುದಿಲ್ಲ ಎನ್ನುವಷ್ಟು ಧೈರ್ಯ ನನಗಿಲ್ಲ. ನಿನ್ನನ್ನು ಕಂಡರೆ ಅಳುತ್ತೇನೆ, ಅದು ನಾಟಕದ ಅಳುವಲ್ಲ. ಅವನು ಬದಲಾಗಿದ್ದಾನೆ, ನಡಿ ಮಗಳೇ ಎಂದು ನಿನ್ನ ಕೈ ಹಿಡಿಯುತ್ತೇನೆ. ಈ ಕಾಗದ ನಾನು ಬರೆದದ್ದಲ್ಲ ಎಂದೂ ಆಣೆಯಿಟ್ಟುಬಿಡುತ್ತೇನೆ. ನನ್ನ ಮೇಲೆ ನಂಬಿಕೆ ಇಡಬೇಡ ರಮ್ಯಾ. ನಾನು ಎಷ್ಟು ಕರೆದರೂ ಬಾಗಿಲು ತೆಗೆಯಬೇಡ.