ಮಜ್ಜಿಗೆ ತುಂಬಿದ ಸೇಂದಿ ಬಾಟಲಿ

ಯವ್ವಾ,

ಜಾಲಹಳ್ಳಿಯ ದಿವಂಗತ ತಾಯಪ್ಪನವರ ಏಕಮಾತ್ರ ಪುತ್ರ, ಹಾಲಿ ವಸ್ತಿ ರಾಯಚೂರು, ಕಾಲೇಜಿನಲ್ಲಿ ಕನ್ನಡ ಕಲಿಸುವ ಅಂಬರೇಶನಾದ ನಾನು, ಯಾರ ಒತ್ತಾಯವೂ ಇಲ್ಲದೆ, ಪೂರ್ಣ ಎಚ್ಚರದಿಂದ ಒಪ್ಪಿಕೊಳ್ಳುವುದೇನೆಂದರೆ: ನೀನು ನನ್ನ ಮನೆಗೆ ಬಂದ ಮರುದಿನ, ನಿನ್ನ ಸೀರೆ ಗಂಟಿನಲ್ಲಿದ್ದ ಸೇಂದಿ ಬಾಟಲಿಯನ್ನು ಕದ್ದು, ಕರಿಬೇವಿನ ಗಿಡದ ಬುಡಕ್ಕೆ ಸುರಿದು, ಅನುಮಾನ ಬಾರದಿರಲೆಂದು ಅದರಲ್ಲಿ ಮಜ್ಜಿಗೆ ತುಂಬಿಟ್ಟವನು ನಾನೇ. ಸಂಜೆ ಒಂದು ಗುಟುಕು ಕುಡಿದು ನೀನು ಕೇಳಿದೆ: “ಇದೇನಲೇ ಅಂಬರ್ಯಾ, ಸೇಂದಿಗೆ ಒಗ್ಗರಣಿ ಹಾಕೀಯೇನು?” ಒಗ್ಗರಣೆ ಹಾಕಿದವಳು ನಿನ್ನ ಸೊಸೆ ಮಲ್ಲೇಶ್ವರಿ. ಆದರೂ ಅವಳು ನಿರಪರಾಧಿ.

ಈ ಪತ್ರವನ್ನು ನಿನಗೆ ಓದಿ ಹೇಳುತ್ತಿರುವವಳು ತಂಗಿ ಸೌಭಾಗ್ಯ. ನಡುವೆ ಅವಳು ನಕ್ಕರೆ ಗದರಿಸು. ನಿನ್ನೆ ಫೋನಿನಲ್ಲಿ ಅವಳು ಹೇಳಿದ್ದನ್ನು ಕೇಳಿದಾಗಿನಿಂದ ನನಗೆ ರೊಟ್ಟಿ ಇಳಿಯುತ್ತಿಲ್ಲ. “ಅಣ್ಣಾ, ಅವ್ವ ಸೇಂದಿ ಅಂಗಡಿ ದಾರಿ ಹಿಡಿಯವಲ್ಲಳು, ಖುಷಿ ಅದ. ಆದ್ರ ಗುಳಿಗೀನೂ ನುಂಗವಲ್ಲಳು. ಎರಡರ ಮ್ಯಾಲೂ ಸಿಟ್ಟು ಮಾಡ್ಯಾಳ.”

ಎರಡೂ ಇಲ್ಲದಿದ್ದರೆ ಏನಾಗುತ್ತದೆಂದು ನೀನು ನೋಡಿಲ್ಲ, ಯವ್ವಾ. ನೀನು ಅದರೊಳಗಿದ್ದೆ. ನೋಡಿದವನು ನಾನು.

ಆ ವಾರ ಮಾನ್ವಿಯಲ್ಲಿ ವ್ಯಸನಮುಕ್ತಿ ಸಭೆ, ಅಲ್ಲಿ ನನ್ನ ಹಾಸ್ಯ ಭಾಷಣ. ಭಾಷಣಕಾರನ ಮನೆಯಲ್ಲೇ ಸೇಂದಿ ವಾಸನೆ ಬಂದರೆ ಹೇಗೆ ಎಂಬ ಭಯವೇ ಮಜ್ಜಿಗೆಯ ಮೂಲ. “ವ್ಯಾಕರಣದಲ್ಲಿ ‘ಮತ್ತು’ ಅವ್ಯಯ, ನಮ್ಮ ಸೀಮೆಯಲ್ಲಿ ಅದಕ್ಕೇ ಹೆಚ್ಚು ವ್ಯಯ” ಎಂದೆ. ಸಭೆ ಚಪ್ಪಾಳೆ ತಟ್ಟುತ್ತಿದ್ದಾಗ ಮಲ್ಲೇಶ್ವರಿಯ ಫೋನು ಬಂತು: “ಅತ್ತಿ ಕೈ ನಡಗಾಕತ್ತಾವ, ಲೋಟ ನಿಲ್ಲವಲ್ದು.” ಥಂಡಿ ಇರಬೇಕು, ಕಂಬಳಿ ಹೊದಿಸು ಎಂದೆ. ನಾನು ಮನೆ ಸೇರುವಷ್ಟರಲ್ಲಿ ನೀನು ಟಿವಿಯ ಹಿಂದಿನ ಮೂಲೆ ನೋಡಿ, ಸತ್ತ ಅಪ್ಪನನ್ನು ಬಯ್ಯುತ್ತಿದ್ದೆ: “ಎಮ್ಮಿ ಬಿಟ್ಟು ಬಂದು ಇಲ್ಲಿ ಯಾಕ ಕುಂತೀ? ಕಟ್ಟು ಹೋಗು.” ನಾನು ನಕ್ಕೆ. ನಗುತ್ತಿದ್ದಂತೆಯೇ ನಿನ್ನ ದವಡೆ ಬಿಗಿಯಿತು, ಕಣ್ಣು ಮೇಲಾಯಿತು, ಇಡೀ ಮೈ ಯಾರೋ ಹಿಡಿದು ಜಾಡಿಸಿದಂತೆ ಜಾಡಿಸಿತು. ನಿನ್ನನ್ನು ಫಿಟ್ ಮಾಡಲು ಹೋಗಿ ಫಿಟ್ಸ್ ತರಿಸಿದೆ ಎಂಬುದು ನನಗಿನ್ನೂ ತಿಳಿದಿರಲಿಲ್ಲ.

ಆಸ್ಪತ್ರೆಯಲ್ಲಿ ನರರೋಗದ ಡಾಕ್ಟರು ಶಕೀಲ್ ತಲೆಯ ಸ್ಕ್ಯಾನ್ ನೋಡಿದರು. ಅದರಲ್ಲಿ ಏನೂ ಇರಲಿಲ್ಲ. “ಅಮ್ಮಾವರು ಸೇಂದಿ ಕುಡೀತಾರೇನ್ರೀ?” ಎಂದು ಕೇಳಿದರು. ನನ್ನ ಬಾಯಿ ನನ್ನನ್ನು ಕೇಳದೆಯೇ ಹೇಳಿತು: “ಛೇ ಛೇ, ನಮ್ಮ ಮನಿತನದಾಗ ಇಲ್ರೀ.” ಅವರು ತಲೆಯಾಡಿಸಿದರು. “ಹೌದು ಬಿಡ್ರಿ. ಮಾನ್ವಿಯೊಳಗ ನಿಮ್ಮ ಭಾಷಣ ಕೇಳೀನಿ. ಹಂಗಾರ ಮಿದುಳಿಗೆ ನಂಜು ಏರಿರಬಹುದು, ಬೆನ್ನಾಗಿಂದ ನೀರು ತಗದು ನೋಡೂಣು.”

ಸೂಜಿ ತಂದರು. ನಿನ್ನನ್ನು ಮಗ್ಗುಲಾಗಿಸಿ ಮಂಡಿಗೆ ಗಲ್ಲ ತಾಗುವಂತೆ ಮಡಚಿದರು. ಒಂದು ಮಾತು ಹೇಳಿದರೆ ಸಾಕಿತ್ತು. ಆದರೆ ಹೊರಗೆ ನಮ್ಮ ಕಾಲೇಜಿನ ಇಬ್ಬರು ಮೇಷ್ಟ್ರು ಹಣ್ಣು ಹಿಡಿದು ನಿಂತಿದ್ದರು. ಅಷ್ಟರಲ್ಲಿ ನಿನಗೆ ಮತ್ತೆ ಫಿಟ್ಸ್ ಬಂತು. ಈ ಸಲ ನಿಲ್ಲಲೇ ಇಲ್ಲ, ಯವ್ವಾ. ತುಟಿ ನೀಲಿಯಾಯಿತು. “ಕುಡೀತಾಳ್ರೀ! ದಿನಾ ಸಂಜಿಗಿ ಕುಡೀತಾಳ! ನಾನ ಚೆಲ್ಲೀನ್ರೀ!” ಎಂದು ವೇದಿಕೆಯಲ್ಲೂ ಎಂದೂ ಕೂಗದಷ್ಟು ಜೋರಾಗಿ ಕೂಗಿದೆ. ಡಾಕ್ಟರು ಬೆನ್ನಿನ ಸೂಜಿ ಬದಿಗಿಟ್ಟರು. ಬೇರೆ ಇಂಜೆಕ್ಷನ್ ಬಂತು. ಸ್ವಲ್ಪ ಹೊತ್ತಿಗೆ ನಿನ್ನ ಮುಷ್ಟಿ ಬಿಚ್ಚಿತು.

ಆಮೇಲೆ ಅವರು ತಿಳಿಸಿ ಹೇಳಿದರು. ನಮ್ಮೂರ ಉರುಕುಂದಪ್ಪನ ಅಂಗಡಿಯಂಥ ಕಡೆ ಮಾರುವ ಸೇಂದಿಯಲ್ಲಿ ಈಚಲ ಮರ ಬರೀ ಹೆಸರಿಗೆ. ಉಳಿದದ್ದು ನೀರು ಮತ್ತು ನಿದ್ದೆ ಬರಿಸುವ ಪೌಡರು. “ಇದು ಹೆಂಡದ ಚಟ ಅಲ್ರೀ, ನಿದ್ದಿ ಗುಳಿಗಿ ಚಟ, ಕುಡಿಯೋರಿಗೇ ಗೊತ್ತಿಲ್ಲ. ವರ್ಷಗಟ್ಟಲೆ ಮಿದುಳಿಗೆ ಬ್ರೇಕ್ ಹಾಕ್ಕೊಂಡು ಬಂದಾರ. ಇಳಿಜಾರಿನ್ಯಾಗ ಒಮ್ಮೆಲೇ ಬ್ರೇಕ್ ತಗದ್ರ?” ಅದಕ್ಕೇ ಅದೇ ಜಾತಿಯ ಗುಳಿಗೆ ಕೊಟ್ಟು, ವಾರವಾರ ಸ್ವಲ್ಪ ಸ್ವಲ್ಪವೇ ಇಳಿಸುವುದು.

ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಐವತ್ತು ದಾಟಿದವರಿಗೆ ಹೊಸದಾಗಿ ಫಿಟ್ಸ್ ಏಕೆ ಬರುತ್ತಿದೆ ಎಂಬುದೇ ಅವರ ಸಂಶೋಧನೆಯಂತೆ. ಯಾವ ಮನೆಯಲ್ಲಿ ಕೇಳಿದರೂ ‘ನಮ್ಮಲ್ಲಿ ಸೇಂದಿ ಇಲ್ರೀ’ ಎಂಬ ಉತ್ತರ. “ಹಂಗಾರ ಅಂಗಡ್ಯಾಗ ಕುಡಿಯೋರು ಯಾರ್ರೀ, ದೆವ್ವಗಳಾ?” ಎಂದು ನನ್ನ ಮುಖ ನೋಡಿದರು. ಪೌಡರು ಯಾವುದೆಂದು ಪರೀಕ್ಷಿಸಲು ಒಂದು ಬಾಟಲಿ ಬೇಕೆಂದರು. ಜಾಲಹಳ್ಳಿಗೆ ಹೋಗಿ ತಂದುಕೊಟ್ಟೆ. ಅರ್ಧವೇ ಇತ್ತು. ಮುಚ್ಚಳ ಸಡಿಲವಿತ್ತು, ಬಸ್ಸಿನಲ್ಲಿ ಚೆಲ್ಲಿತು ಎಂದೆ.

ನಿನಗೆ ನೆಟ್ಟಗೆ ಎಚ್ಚರವಾದದ್ದು ಅದರ ಮರುದಿನ. ಗುಳಿಗೆಯ ಕತೆ ಕೇಳಿ ನೀನು ಡಾಕ್ಟರಿಗೇ ಅಂದೆ: “ಕಳ್ಳನ್ನ ಹೊರಗ ಹಾಕಿ ಅವನ ತಮ್ಮನ್ನ ಕಾವಲಿಗಿ ಇಟ್ಟಂಗಾತು.” ಅವರು ನಕ್ಕರು. “ಖರೇ ಅದ ಅಮ್ಮಾ. ಆದ್ರ ಈ ತಮ್ಮ ನಾ ಹೇಳಿದ ದಿನ ಮನಿ ಬಿಟ್ಟು ಹೋಗ್ತಾನ.” ಆಮೇಲೆ ನೀನು ನನ್ನ ಕಡೆ ತಿರುಗಿದೆ. “ನೀ ಒಂದಿನಾ ಹತ್ತಿ ಬಿಡಿಸಿದವನಲ್ಲ, ಒಂದು ಗುಟುಕು ಕುಡದವನಲ್ಲ. ಸಂಜಿ ಅಂದ್ರ ಏನಂತ ನಿನಗೇನು ಗೊತ್ತಲೇ?” ನೀನು ಹತ್ತಿ ಬಿಡಿಸಿ ದಣಿದ ಆ ಸಂಜೆಗಳ ಮೇಲೆಯೇ ನನ್ನ ಕಾಲೇಜು ಓದು ನಡೆದದ್ದು. ತಲೆ ತಗ್ಗಿಸಬೇಕಿತ್ತು. ಬದಲಿಗೆ ಇಡೀ ವಾರ್ಡಿಗೆ ಕೇಳುವಂತೆ ಎದೆಯುಬ್ಬಿಸಿ ಹೇಳಿದೆ: “ಹೌದಬೇ. ಈ ನಾಲಿಗಿಗಿ ಇವತ್ತಿನ ತನಕ ಒಂದು ಹನಿ ತಾಗಿಲ್ಲ.” ಆ ಮಾತಿಗೇ ಅಲ್ಲವೇ ನೀನು ಮುಖ ತಿರುಗಿಸಿ ಜಾಲಹಳ್ಳಿಗೆ ಹೋದದ್ದು?

ಮುಚ್ಚಳ ಸಡಿಲವಿರಲಿಲ್ಲ, ಯವ್ವಾ. ದೇವದುರ್ಗ ದಾಟಿದ ಮೇಲೆ ಬಸ್ಸು ಖಾಲಿಯಾಯಿತು. ನಿನ್ನನ್ನು ಇಷ್ಟು ವರ್ಷ ಹಿಡಿದಿಟ್ಟದ್ದು ಏನೆಂದು ನೋಡಬೇಕೆನಿಸಿತು. ಒಂದೇ ಗುಟುಕು ಅಂದುಕೊಂಡೆ. ಗಬ್ಬೂರು ಬರುವಷ್ಟರಲ್ಲಿ ಕಾಲೇಜಿನ ನಾಚಿಕೆ ಹೋಯಿತು, ಸೂಜಿಯ ಹೆದರಿಕೆ ಹೋಯಿತು, ಹಿತವಾಗಿತ್ತು. ಆಮೇಲೆ ನೀನು ಆಸ್ಪತ್ರೆಯಲ್ಲಿ ಮಲಗಿರುವುದೂ ಮರೆತುಹೋಯಿತು. ನಿನ್ನನ್ನೇ ಮರೆತೆ, ಅದೂ ಸುಖವಾಗಿ. ಆ ಪೌಡರಿನಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಅದೊಂದೇ. ಅದಕ್ಕೇ ಬೇಡುತ್ತಿದ್ದೇನೆ: ಸೌಭಾಗ್ಯ ಪತ್ರ ಮಡಚುವ ಮುಂಚೆ ಗುಳಿಗೆ ನುಂಗು. ಸಿಟ್ಟು ಹಾಗೇ ಇರಲಿ, ಅದನ್ನು ಇಳಿಸಬೇಕೆಂದು ಡಾಕ್ಟರು ಹೇಳಿಲ್ಲ.

ನನಗೆ ಎಚ್ಚರವಾದದ್ದು ರಾಯಚೂರು ಡಿಪೋದೊಳಗೆ. ಕಂಡಕ್ಟರು ಭುಜ ಹಿಡಿದು ಅಲುಗಿಸುತ್ತಿದ್ದ: “ಏಳ್ರೀ ಸರ್. ಮಾನ್ವಿಯೊಳಗ ಕುಡೀಬ್ಯಾಡ್ರೀ ಅಂತ ಭಾಷಣ ಮಾಡಿದವ್ರು ನೀವ ಅಲ್ರೀ?”

“ಅಲ್ರೀ,” ಎಂದೆ, “ಅವರು ನಮ್ಮಣ್ಣ.”

ನಿನ್ನ ಬೈಗುಳವನ್ನೇ ಆಶೀರ್ವಾದವೆಂದು ಕಾದಿರುವ,
ನಿನ್ನ ಅಂಬರ್ಯಾ