ಊರಿನ ಇನ್ನೊಂದು ಹೆಸರು

ಜಲಜಕ್ಕ,

ಇದನ್ನು ಓದಲಿಕ್ಕೆ ಈಗ ನಿಮ್ಮಿಂದ ಆಗುವುದಿಲ್ಲ ಎಂದು ಗೊತ್ತು. ಆದರೂ ನಮ್ಮ ಲೈಬ್ರರಿಯ ಜಗಳವನ್ನು ಬೇರೆ ಯಾರಿಗೆ ಹೇಳಲಿ?

ಪುಸ್ತಕಗಳ ಪಟ್ಟಿಯೆಲ್ಲ ಕಂಪ್ಯೂಟರಿಗೆ ಹೋಗುತ್ತಿದೆ. ಹೊಸ ಲೈಬ್ರೇರಿಯನ್ ಡೆರಿಲ್, "ಸೌತ್ ಕೆನರಾ ಅಂತ ಈಗ ಜಿಲ್ಲೆಯೇ ಇಲ್ಲ ಮೇಡಂ, ಆ ಹೆಸರು ತೆಗೀರಿ" ಎಂದ. ನನಗೆ ಸಿಟ್ಟು ನೆತ್ತಿಗೇರಿತು. ಓದುಗರು ಯಾವ ಹೆಸರು ಹೇಳಿಕೊಂಡು ಬಂದರೂ ಅವರಿಗೆ ಬೇಕಾದ ಊರು ಸಿಗಬೇಕು ಎನ್ನುತ್ತಿದ್ದಿರಲ್ಲ, ಅದನ್ನೇ ಹೇಳಿ ಹಟ ಹಿಡಿದೆ. ಈಗ ಸೌತ್ ಕೆನರಾ ಎಂದು ಹುಡುಕಿದರೆ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಮೂರೂ ಬರುತ್ತವೆ.

ಇದನ್ನು ಹೇಳಲಿಕ್ಕೆಂದೇ ನಿನ್ನೆ ರೈಲು ಹತ್ತಿ ಕಾಸರಗೋಡಿಗೆ, ನಿಮ್ಮ ಮಗಳ ಮನೆಗೆ ಬಂದೆ.

"ನೀವು ಎಲ್ಲಿಂದ?" ಎಂದು ಕೇಳಿದಿರಿ.

ನನ್ನ ಹೆಸರು ಹೇಳಲಿಕ್ಕೆ ಬಾಯಿ ಬರಲಿಲ್ಲ. "ಮಂಗಳೂರಿಂದ" ಎಂದೆ. ನಿಮಗೆ ತಿಳಿಯಲಿಲ್ಲ. "ಮ್ಯಾಂಗಲೋರ್" ಎಂದೆ. ಅದೂ ತಿಳಿಯಲಿಲ್ಲ. ಕೊನೆಗೆ, ಊರಿನ ತುಳು ಹೆಸರು ಹಿಡಿದು, "ಕುಡ್ಲದಿಂದ" ಎಂದೆ.

"ಕುಡ್ಲದಿಂದವಾ!" ನಿಮ್ಮ ಮುಖ ಅರಳಿತು. "ಅಲ್ಲಿ ನಮ್ಮ ಲೈಬ್ರರಿಯಲ್ಲಿ ಎಲೇನ್ ಅಂತ ಒಂದು ಹುಡುಗಿ ಉಂಟು, ಕಂಕನಾಡಿಯವಳು. ನಿಮಗೆ ಗೊತ್ತುಂಟಾ?"

"ಗೊತ್ತುಂಟು."

"ನಾನು ರಿಟೈರ್ ಆದ ಮೇಲೆ ಅವಳು ಈ ಕಡೆ ಬರಲೇ ಇಲ್ಲ ಮಾರಾಯ್ರೆ. ಪಾಪ, ಕೆಲಸ ಜಾಸ್ತಿ ಇರಬಹುದು. ಸಿಕ್ಕಿದರೆ ಒಮ್ಮೆ ಬರಲಿಕ್ಕೆ ಹೇಳಿ."

"ಹೇಳ್ತೇನೆ" ಎಂದೆ, ಜಲಜಕ್ಕ.

ನಿಮ್ಮ ಎಲೇನ್